ಸಿನಿಮಾ ಪೋಸ್ಟರ್‌ಗಳ ಅಸಲಿತನ
ಚಿತ್ರದ ಮೊದಲ ಬಿಡುಗಡೆಗೆ ಅಚ್ಚಾದ ಪೋಸ್ಟರ್ ಯಾವುದು, ಮರುಮುದ್ರಣ ಅಥವಾ ನಕಲು ಯಾವುದು ಎಂದು ಸಂಗ್ರಾಹಕರ ನಡುವೆ ಏಳುವ ತಕರಾರು. ಪ್ರದರ್ಶನ ಮುಗಿದೊಡನೆ ಎಸೆಯುತ್ತಿದ್ದ ಕಾಗದವಾದ್ದರಿಂದ ಹಳೆಯವು ಉಳಿದದ್ದು ಅಪರೂಪ. ಬೆಲೆ ಏರಿದ್ದೂ ಅದಕ್ಕೇ. ‘ಡ್ರಾಕುಲಾ’ (1931) ಚಿತ್ರದ ಪೋಸ್ಟರೊಂದು 2017ರಲ್ಲಿ ಅಮೆರಿಕದ ಹರಾಜಿನಲ್ಲಿ 5,25,800 ಡಾಲರಿಗೆ ಹೋಯಿತು. ಇಷ್ಟು ಹಣ ಓಡಾಡುವಲ್ಲಿ ನಕಲಿಗಳು ಹುಟ್ಟದಿದ್ದರೇ ಆಶ್ಚರ್ಯ. 2009ರ ಸುಮಾರಿಗೆ ಯೂನಿವರ್ಸಲ್ ಸಂಸ್ಥೆಯ ಹಳೆಯ ಭಯಾನಕ ಚಿತ್ರಗಳ ನಕಲಿ ಪೋಸ್ಟರ್‌ಗಳು ಬಯಲಾಗಿ ಪೇಟೆಯ ನಂಬಿಕೆ ಅಲುಗಿತು.

ತಜ್ಞರು ಅಳತೆ, ಕಾಗದ, ಮುದ್ರಣದ ಚುಕ್ಕಿಗಳನ್ನು ಪರೀಕ್ಷಿಸುತ್ತಾರೆ. ಅಮೆರಿಕದ ಹಳೆಯ ‘ವನ್ ಶೀಟ್’ ಅಳತೆಯ ಪೋಸ್ಟರ್ ಸಾಮಾನ್ಯವಾಗಿ 27×41 ಅಂಗುಲ. ಅಸಲಿಯ ಫೋಟೊ ತೆಗೆದು ಮಾಡಿದ ನಕಲಿನಲ್ಲಿ ಮೂಲದ ಮಡಿಕೆ, ಹರುಕುಗಳೂ ಚಿತ್ರವಾಗಿಯೇ ಅಚ್ಚಾಗಿರುವುದುಂಟು. ಬಟ್ಟೆಗೆ ಅಂಟಿಸಿ ದುರಸ್ತಿ ಮಾಡಿದ್ದರೆ ಕಾಗದದ ಹಿಂಬದಿಯೇ ಕಾಣದು. ಛಾಯಾಚಿತ್ರ ನೋಡಿ ಕೊಳ್ಳುವ ಹೊರದೇಶದವರಿಗಂತೂ ಪತ್ತೆ ಇನ್ನೂ ಕಷ್ಟ.