ಮೊಣಕಾಲು ಶಸ್ತ್ರಚಿಕಿತ್ಸೆಯ ನಂತರದ ವ್ಯಾಯಾಮ ಚಿಕಿತ್ಸೆ: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆ

ಮೊಣಕಾಲಿನ ಕೀಲು ಬದಲಾಯಿಸಿದಾಗ, ಹರಿದ ಅಸ್ಥಿರಜ್ಜುವನ್ನು ಮರುಜೋಡಿಸಿದಾಗ ಅಥವಾ ಕೀಲಿನೊಳಗಿನ ಮೆತ್ತೆಯಾದ ಮೆನಿಸ್ಕಸ್ಸಿಗೆ ಹೊಲಿಗೆ ಹಾಕಿದಾಗ ಕಾಲು ಕಳೆದುಕೊಳ್ಳುವ ಬಲವನ್ನು ಹಂತಹಂತವಾಗಿ ಮರಳಿ ತರುವ ಚಿಕಿತ್ಸೆ ಇದು. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲೂಕುಗಳ ಜನ ಇಂಥ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಹುಬ್ಬಳ್ಳಿ–ಧಾರವಾಡಕ್ಕೆ ಹೋಗುತ್ತಾರೆ; ಹಿರೇಕೆರೂರಿನ ಕಡೆಯವರಿಗೆ ದಾವಣಗೆರೆ, ಶಿವಮೊಗ್ಗಗಳೂ ಇವೆ. ಆಸ್ಪತ್ರೆಯ ವಾಸ ಕೆಲವೇ ದಿನಗಳದು. ಬಲ ಮರಳಿ ಕಟ್ಟುವ ಕೆಲಸ ಮಾತ್ರ ತಿಂಗಳುಗಟ್ಟಲೆ ಹಿಡಿಯುತ್ತದೆ, ಅದರ ಬಹುಭಾಗ ಊರಲ್ಲಿ, ಮನೆಯ ಪಡಸಾಲೆಯಲ್ಲೇ ಆಗಬೇಕು.

ಬಲ ಏಕೆ ಕುಂದುತ್ತದೆ

ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳ ಗುಂಪಿಗೆ ಕ್ವಾಡ್ರಿಸೆಪ್ಸ್ ಎಂದು ಹೆಸರು. ಕುಳಿತಲ್ಲಿಂದ ಏಳಲು, ಮೆಟ್ಟಿಲು ಹತ್ತಲು, ಇಳಿಜಾರಿನಲ್ಲಿ ಮೈಭಾರ ತಡೆಹಿಡಿಯಲು ಇದೇ ಮುಖ್ಯ ಆಸರೆ. ಪೂರ್ಣ ಕೀಲು ಬದಲಾವಣೆಯ ನಂತರದ ಮೊದಲ ತಿಂಗಳಲ್ಲಿ ಇದರ ಬಲ ಮುಂಚೆ ಇದ್ದುದರ ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ಸ್ನಾಯು ಸೊರಗುವುದೊಂದೇ ಇದಕ್ಕೆ ಕಾರಣವಲ್ಲ. ಕೀಲು ಬಾತು ನೀರು ತುಂಬಿದಾಗ ಅಲ್ಲಿಂದ ಹೊರಡುವ ನರಸಂಕೇತಗಳು ತೊಡೆಯ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ಬೆನ್ನುಹುರಿಯ ಮಟ್ಟದಲ್ಲೇ ತಗ್ಗಿಸುತ್ತವೆ. ರೋಗಿ ಮನಸ್ಸು ಮಾಡಿದರೂ ಸ್ನಾಯು ಪೂರ್ತಿ ಬಿಗಿಯುವುದಿಲ್ಲ. “ಕಾಲು ನನ್ನ ಮಾತು ಕೇಳುವುದಿಲ್ಲ” ಎಂದು ರೋಗಿಗಳು ಹೇಳುವುದು ಅಕ್ಷರಶಃ ನಿಜ, ಅದನ್ನು ಸೋಮಾರಿತನವೆಂದು ಗದರುವುದು ಅನ್ಯಾಯ. ಬರೀ ಓಡಾಟದಿಂದ ಈ ಕೊರತೆ ತುಂಬುವುದಿಲ್ಲ. ನಡೆಯುವಾಗ ದೇಹ ಉಪಾಯವಾಗಿ ಭಾರವನ್ನು ಚೆನ್ನಾಗಿರುವ ಕಾಲಿಗೆ ದಾಟಿಸಿಬಿಡುತ್ತದೆ.

ಭಾರವನ್ನು ಹಂತಹಂತವಾಗಿ ಏರಿಸಿ ಸ್ನಾಯು ಬಲಪಡಿಸುವ ಪದ್ಧತಿಗೆ ವೈದ್ಯಕೀಯದಲ್ಲಿ ನೆಲೆ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಷಿಕಾಗೋದ ಸೇನಾ ಆಸ್ಪತ್ರೆಯಲ್ಲಿ ಮೊಣಕಾಲು ಪೆಟ್ಟಾದ ಸೈನಿಕರ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ ಭಾರ ಎತ್ತಿಸಿದರು. 1945ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಆರ್ಥರ್ ವಾಟ್ಕಿನ್ಸ್ ಜೊತೆ 1948ರಲ್ಲಿ ಅವರು ಸೂಚಿಸಿದ “ಹತ್ತು ಹತ್ತರ ಮೂರು ಸುತ್ತು” ಇಂದಿಗೂ ಫಿಜಿಯೋಥೆರಪಿಸ್ಟರ ಚೀಟಿಯಲ್ಲಿ ಕಾಣುತ್ತದೆ.

ವ್ಯಾಯಾಮದ ಕ್ರಮ

ಕೀಲು ಬದಲಾವಣೆಯಾದವರನ್ನು ಈಗ ಅದೇ ದಿನ ಅಥವಾ ಮರುದಿನ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಮೊದಲ ವಾರದ ವ್ಯಾಯಾಮಗಳು ನೋಡಲು ಏನೂ ಅಲ್ಲದಂತಿರುತ್ತವೆ: ಪಾದವನ್ನು ಮೇಲೆ ಕೆಳಗೆ ಆಡಿಸುವುದು; ಕಾಲು ನೀಡಿ ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿದು ಐದು ಎಣಿಸುವುದು; ಹಿಮ್ಮಡಿ ಜಾರಿಸುತ್ತ ಮಂಡಿ ಮಡಚುವುದು; ಕಾಲನ್ನು ನೆಟ್ಟಗೆ ಒಂದು ಗೇಣು ಎತ್ತಿ ಹಿಡಿಯುವುದು. ಎತ್ತುವಾಗ ಮಂಡಿ ಸ್ವಲ್ಪ ಬಾಗಿದರೆ ತೊಡೆಯ ಸ್ನಾಯುವಿಗೆ ಇನ್ನೂ ಪೂರ್ತಿ ಹಿಡಿತ ಬಂದಿಲ್ಲವೆಂದೇ ಅರ್ಥ. ಆಗ ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವಲ್ ಇಟ್ಟು ಹಿಮ್ಮಡಿಯನ್ನಷ್ಟೇ ಎತ್ತುವ ಅಭ್ಯಾಸ ಮಾಡಿಸುತ್ತಾರೆ. ಸ್ನಾಯು ಎಚ್ಚರಗೊಳ್ಳದಿದ್ದರೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವ ಯಂತ್ರವೂ ನೆರವಾಗುತ್ತದೆ.

ಮಲಗುವಾಗ ಮಂಡಿಯ ಅಡಿಗೆ ದಿಂಬು ಇಟ್ಟುಕೊಳ್ಳುವ ರೂಢಿಯನ್ನು ಮೊದಲ ದಿನವೇ ಬಿಡಿಸಬೇಕು. ಹಾಯೆನಿಸಿದರೂ ಅದರಿಂದ ಮಂಡಿ ಬಾಗಿದ ಸ್ಥಿತಿಯಲ್ಲೇ ಸೆಟೆಯುತ್ತದೆ. ಪೂರ್ತಿ ನೆಟ್ಟಗಾಗದ ಮಂಡಿ ಕುಂಟುನಡಿಗೆಗೆ ದಾರಿ, ಮುಂದೆ ಅದನ್ನು ಸರಿಪಡಿಸುವುದು ಬಹಳ ಕಷ್ಟ. ದಿಂಬು ಬೇಕಿದ್ದರೆ ಹಿಮ್ಮಡಿಯ ಕೆಳಗಿರಲಿ.

ಬಾವು ಇಳಿದು ಗಾಯ ಮಾಯುತ್ತ ಬಂದಂತೆ ನಿಂತು ಮಾಡುವ ವ್ಯಾಯಾಮ ಶುರುವಾಗುತ್ತದೆ. ಕಿಟಕಿಯ ಸರಳು ಹಿಡಿದು ಅರ್ಧ ಬಸ್ಕಿ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಹೊಸ್ತಿಲಷ್ಟು ಎತ್ತರದ ಮಣೆಯನ್ನು ಹತ್ತಿ ಇಳಿಯುವುದು. ಇಳಿಯುವಾಗ ಅವಸರ ಬೇಡ. ನಿಧಾನವಾಗಿ ಇಳಿಯುವ ಹೊತ್ತಿನಲ್ಲೇ ತೊಡೆಗೆ ಹೆಚ್ಚು ಕೆಲಸ. ಭಾರಕ್ಕೆ ಜಿಮ್ ಬೇಕೆಂದಿಲ್ಲ. ತೂಗಿ ಕಟ್ಟಿದ ಮರಳಿನ ಚೀಲ ಸಾಕು, ಅರ್ಧ ಕಿಲೋದಿಂದ ಆರಂಭಿಸಬಹುದು. ಹತ್ತು ಸಲ ಎತ್ತಿದ ಮೇಲೆ ಇನ್ನೂ ಹತ್ತು ಸಲೀಸಾಗಿ ಎತ್ತಬಹುದು ಎನಿಸಿದರೆ ಭಾರ ಏರಿಸುವ ಕಾಲ ಬಂದಿದೆ. ಊರುಗಳಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲಿಯೇ: ಆಸ್ಪತ್ರೆಯಲ್ಲಿ ಕಲಿತ ಮೊದಲ ವಾರದ ವ್ಯಾಯಾಮವನ್ನೇ ಆರು ತಿಂಗಳು ನಿಷ್ಠೆಯಿಂದ ಮಾಡುತ್ತಾರೆ, ಭಾರ ಏರುವುದೇ ಇಲ್ಲ, ಬಲವೂ ಬರುವುದಿಲ್ಲ.

ವ್ಯಾಯಾಮದಿಂದ ಸ್ವಲ್ಪ ನೋವು ಸಹಜ. ಮರುದಿನ ಬೆಳಿಗ್ಗೆ ಮಂಡಿ ಹಿಂದಿನ ದಿನಕ್ಕಿಂತ ಹೆಚ್ಚು ಬಾತಿದ್ದರೆ ಪ್ರಮಾಣ ಹೆಚ್ಚಾಗಿದೆ ಎಂದು ತಿಳಿದು ತಗ್ಗಿಸಬೇಕು. ಮೆನಿಸ್ಕಸ್ಸಿಗೆ ಹೊಲಿಗೆ ಬಿದ್ದವರಿಗೆ, ರಜ್ಜು ಮರುಜೋಡಣೆಯಾದವರಿಗೆ ಎಷ್ಟು ಮಡಚಬೇಕು, ಎಂದು ಪೂರ್ತಿ ಭಾರ ಊರಬೇಕು ಎಂಬ ಕಟ್ಟಳೆಗಳು ಬೇರೆಯೇ. ಪಕ್ಕದ ಮನೆಯವರ ಚೀಟಿ ನೋಡಿ ವ್ಯಾಯಾಮ ಮಾಡಬಾರದು.

ನೆಲದ ಮೇಲಿನ ಬದುಕು

ಸಪಾಟು ನೆಲದಲ್ಲಿ ನಡೆಯಲು ಮಂಡಿ ಸುಮಾರು 65ರಿಂದ 70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 85ರಿಂದ 100, ಕುರ್ಚಿಯಿಂದ ಏಳಲು 90ರಿಂದ 105 ಬೇಕು. ಚಕ್ಕಳಮಕ್ಕಳ ಹಾಕಿ ಉಣ್ಣಲು, ಕುಕ್ಕರುಗಾಲಲ್ಲಿ ಕೂರಲು 110ನ್ನೂ ಬಹಳಷ್ಟು ಮೀರಿ ಮಡಚಬೇಕಾಗುತ್ತದೆ. ಕೀಲು ಬದಲಾವಣೆಯ ನಂತರ ಸಾಮಾನ್ಯವಾಗಿ ಸಿಗುವುದು 110ರಿಂದ 120 ಡಿಗ್ರಿ. ಹಾನಗಲ್ಲ ಭಾಗದ ಭತ್ತದ ನಾಟಿ, ಗೋವಿನಜೋಳದ ಕಳೆ, ಸವಣೂರಿನ ಎಲೆಬಳ್ಳಿ ತೋಟದ ಆರೈಕೆ, ಹಿರೇಕೆರೂರಿನ ಹತ್ತಿ ಹೊಲ: ಈ ಬದುಕು ಬಾಗುವುದು, ಕೂರುವುದು, ಏಳುವುದರಲ್ಲೇ ಸಾಗುತ್ತದೆ. ನಗರದ ರೋಗಿಗೆ ಬರೆದ ಗುರಿಯನ್ನು ಹೊಲದಲ್ಲಿ ದುಡಿಯುವ ಹೆಣ್ಣುಮಗಳಿಗೆ ಹಾಗೆಯೇ ಕೊಟ್ಟರೆ ಅರ್ಧ ಚಿಕಿತ್ಸೆ ಮಾತ್ರ ಆದೀತು. ಯಾವ ಕೆಲಸಕ್ಕೆ ಮರಳಬೇಕು ಎಂದು ಮೊದಲೇ ಕೇಳಿ ವ್ಯಾಯಾಮ ರೂಪಿಸಬೇಕು. ಕೂತು ಕಳೆ ತೆಗೆಯುವುದು ಸಾಧ್ಯವಿಲ್ಲ ಎನ್ನುವುದಾದರೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹೇಳಬೇಕು. ಹೊಲದಲ್ಲಿ ಗಿಡ್ಡ ಸ್ಟೂಲು, ಉದ್ದ ಹಿಡಿಕೆಯ ಸಲಕರಣೆ, ಮನೆಯಲ್ಲಿ ಕಮೋಡ್ ಕುರ್ಚಿ ಒದಗಿಸಿಕೊಳ್ಳಲು ಆಗ ಸಮಯ ಸಿಗುತ್ತದೆ.

ನೆಲದಿಂದ ಏಳುವುದನ್ನೂ ಕಲಿಸಬೇಕು. ಒಂದು ಪಕ್ಕಕ್ಕೆ ಹೊರಳಿ, ಕೈ ಊರಿ, ಮಂಚ ಹಿಡಿದು, ಒಳ್ಳೆಯ ಕಾಲನ್ನು ಮುಂದಿಟ್ಟು ಏಳುವ ಕ್ರಮ ಬಂದವರಿಗೆ ಬೀಳುವ ಭಯ ಅರ್ಧ ಕಡಿಮೆಯಾಗುತ್ತದೆ.

ಹಬ್ಬ, ಗರಡಿ, ಕಬಡ್ಡಿ

ಈ ಸೀಮೆಯಲ್ಲಿ ದೀಪಾವಳಿಯ ಆಸುಪಾಸಿನಿಂದ ಹೋರಿ ಬೆದರಿಸುವ ಸ್ಪರ್ಧೆಗಳು ನಡೆಯುತ್ತವೆ. ಕಬಡ್ಡಿ, ಕುಸ್ತಿಗಳೂ ಇಲ್ಲಿನ ಹುಡುಗರ ರಕ್ತದಲ್ಲಿವೆ. ಓಡುತ್ತ ಗಕ್ಕನೆ ತಿರುಗುವಾಗ, ಹಿಡಿತದಲ್ಲಿ ಮಂಡಿ ತಿರುಚಿದಾಗ ಮುಂಭಾಗದ ಅಡ್ಡರಜ್ಜು ಹರಿಯುತ್ತದೆ. ಮರುಜೋಡಣೆಯಾಗಿ ನಾಲ್ಕೈದು ತಿಂಗಳಿಗೆ ನೋವು ಹೋಗಿ ಕಾಲು ಸರಿಯಾಯಿತು ಎನಿಸುತ್ತದೆ, ಅಪಾಯ ಇರುವುದು ಆಗಲೇ. ಕಸಿ ಮಾಡಿದ ರಜ್ಜು ಒಳಗೆ ಇನ್ನೂ ಮಾಗುತ್ತಿರುತ್ತದೆ. ಕನಿಷ್ಠ 9 ತಿಂಗಳು ಕಳೆದು, ಆ ಕಾಲಿನ ಬಲ ಮತ್ತು ಒಂಟಿಕಾಲ ಜಿಗಿತ ಇನ್ನೊಂದರ 90 ಪ್ರತಿಶತಕ್ಕೆ ಬಂದ ಮೇಲಷ್ಟೇ ಅಖಾಡಕ್ಕಿಳಿಯುವುದು ಸುರಕ್ಷಿತ. ಗರಡಿಯ ಆಳದ ಬಸ್ಕಿಗಳು ಕಾಲಿನ ಬಲಕ್ಕೆ ಒಳ್ಳೆಯವೇ. ಮೊದಲ ತಿಂಗಳುಗಳಲ್ಲಿ ಮಾತ್ರ ಅವು ಬೇಡ.

ಎಣ್ಣೆ, ಕಾವು, ಆಹಾರ

ಗಾಯದ ಸುತ್ತ ಎಣ್ಣೆ ತಿಕ್ಕುವುದು, ಬಾತ ಮಂಡಿಗೆ ಬಿಸಿ ಕಾವು ಕೊಡುವುದು ಮೊದಲ ವಾರಗಳಲ್ಲಿ ಸಲ್ಲ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 15ರಿಂದ 20 ನಿಮಿಷ ಇಡಬೇಕು. ಮೀನಖಂಡ ಬಾತು ನೋಯುತ್ತಿದ್ದರೆ ಅದನ್ನು ಖಂಡಿತ ತಿಕ್ಕಬಾರದು. ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಜ್ವರ, ಕೀವು, ಎದೆನೋವು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸ್ನಾಯು ಕಟ್ಟಲು ಪ್ರೋಟೀನ್ ಬೇಕು: ಹೆಸರುಕಾಳು, ಶೇಂಗಾ, ಹಾಲು, ಮೊಟ್ಟೆ ಊಟದಲ್ಲಿರಲಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು.

ಸೌಲಭ್ಯ

1957ರಲ್ಲಿ ಶುರುವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು, ಜನರ ಬಾಯಲ್ಲಿ ಕಿಮ್ಸ್, ಈ ಭಾಗಕ್ಕೆ ಹಳೆಯ ಆಸರೆ. ಧಾರವಾಡದ ಎಸ್‌ಡಿಎಂ ಸಂಸ್ಥೆಯಲ್ಲಿ ಫಿಜಿಯೋಥೆರಪಿ ಕಾಲೇಜು ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಕೃತಕ ಮೊಣಕಾಲಿನ ಬೆಲೆಗೆ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು; ಹೆಚ್ಚು ಬಳಕೆಯ ಕೋಬಾಲ್ಟ್–ಕ್ರೋಮಿಯಂ ಕೀಲಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಯಿತು. ಕೀಲಿಗೆ ಹೀಗೆ ಬೆಲೆ ಕಟ್ಟಲಾಗಿದೆ. ಆದರೆ ಆ ಕೀಲನ್ನು ಆಡಿಸುವ ವ್ಯಾಯಾಮಕ್ಕಾಗಿ ವಾರಕ್ಕೆರಡು ಸಲ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿಬರುವ ಖರ್ಚು, ಜೊತೆಗೆ ಬರುವವರ ಕೂಲಿ ನಷ್ಟ ಮನೆಯವರ ಮೇಲೆಯೇ ಬೀಳುತ್ತದೆ. ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ದಿನವೇ ಫಿಜಿಯೋಥೆರಪಿಸ್ಟರ ಎದುರು ಎಲ್ಲ ವ್ಯಾಯಾಮ ಒಮ್ಮೆ ಮಾಡಿ ತೋರಿಸಿ, ಎಷ್ಟು ಸಲ, ಎಷ್ಟು ಭಾರ, ಯಾವ ವಾರದಿಂದ ಏರಿಸಬೇಕು ಎಂಬುದನ್ನು ಕನ್ನಡದಲ್ಲಿ ಬರೆಸಿಕೊಂಡು, ಮತ್ತೆ ತೋರಿಸಲು ಬರಬೇಕಾದ ದಿನವನ್ನೂ ಕೇಳಿಕೊಂಡೇ ಊರಿನ ಬಸ್ಸು ಹತ್ತಿ.