ಹಡಿಲು ಭೂಮಿ

ಹಿಂದೆ ಬೇಸಾಯವಿದ್ದು ಈಗ ಉಳುವವರಿಲ್ಲದೆ ಬಿದ್ದಿರುವ ಗದ್ದೆಗೆ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹಡಿಲು ಭೂಮಿ ಎನ್ನುತ್ತಾರೆ. ತುಳುವಿನಲ್ಲಿ ಇದು ಪಡೀಲ್. ಇಂಥ ಜಾಗವನ್ನು ಇನ್ನೊಬ್ಬರು ಹಸನು ಮಾಡಿ ಭತ್ತವನ್ನೋ ತರಕಾರಿಯನ್ನೋ ಬೆಳೆಯುವ ರೂಢಿ ಈ ಭಾಗದಲ್ಲಿದೆ. 1973ರಲ್ಲಿ ನ್ಯೂಯಾರ್ಕಿನಲ್ಲಿ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ಪಾಳು ನಿವೇಶನವೊಂದಕ್ಕೆ ನುಗ್ಗಿ ತೋಟ ಮಾಡಿದ್ದು ಪ್ರಸಿದ್ಧ ಕಥೆ. ಕರಾವಳಿಯ ಕ್ರಮ ಹಾಗಲ್ಲ. ಇಲ್ಲಿ ಮೊದಲು ಧನಿಗಳ ಬಾಯಿಮಾತಿನ ಒಪ್ಪಿಗೆ, ಆಮೇಲೆ ಹಾರೆ.

ಊರಿನ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆ. ನೀರಿರುವ ಬೈಲಿನಲ್ಲಿ ಮಳೆಗಾಲದ ಏಣೆಲು, ಆಮೇಲಿನ ಸುಗ್ಗಿ, ಬೇಸಗೆಯ ಕೊಳಕೆ ಎಂದು ಮೂರು ಬೆಳೆ ತೆಗೆಯಬಹುದು, ಮಜಲಿನಲ್ಲಿ ಎರಡು. ಬೆಟ್ಟು ಗದ್ದೆಗೆ ಮಳೆಯೇ ಗತಿ, ಒಂದೇ ಬೆಳೆ. ಮಕ್ಕಳು ಮುಂಬಯಿ, ಗಲ್ಫ್ ಸೇರಿ, ಆಳಿನ ಮಜೂರಿ ಏರಿದಾಗ ಮೊದಲು ಹಡಿಲು ಬಿದ್ದದ್ದು ಬೆಟ್ಟೇ. ಆದರೆ ಹಡಿಲು ಒಬ್ಬರ ಗದ್ದೆಯಲ್ಲಿ ನಿಲ್ಲುವ ರೋಗವಲ್ಲ. ತೋಡಿನ ಹೂಳು ತೆಗೆಯುವವರಿಲ್ಲದೆ ನೀರು ಪಕ್ಕದ ಗದ್ದೆಗೆ ನುಗ್ಗುತ್ತದೆ, ಹುಣಿ (ಗದ್ದೆಯ ಬದು) ಒಡೆಯುತ್ತದೆ, ಪೊದೆಯಲ್ಲಿ ಹಂದಿ ಸೇರಿಕೊಳ್ಳುತ್ತದೆ. ನಡುವೆ ಎರಡು ಗದ್ದೆ ಪಾಳು ಬಿದ್ದರೆ ಟಿಲ್ಲರ್ ದಾಟಿಸುವುದೂ ಕಷ್ಟ. ಬೇಸಾಯದ ಮನಸ್ಸಿದ್ದ ನೆರೆಯವರೂ ಮರುವರ್ಷ ಕೈಬಿಡುತ್ತಾರೆ. ಒಂಟಿ ಗದ್ದೆಯನ್ನು ಎತ್ತಿಕೊಂಡವರು ಸಾಮಾನ್ಯವಾಗಿ ಸೋಲುವುದು ಈ ಕಾರಣಕ್ಕೆ. ಇಡೀ ಬೈಲನ್ನೇ ಒಟ್ಟಿಗೆ ಹಿಡಿಯಬೇಕಾಗುತ್ತದೆ.

ಉಡುಪಿಯಲ್ಲಿ ಆದದ್ದು ಅದೇ. 2020ರಲ್ಲಿ ನಿಟ್ಟೂರು ಪ್ರೌಢಶಾಲೆ ತನ್ನ ಸುವರ್ಣ ಮಹೋತ್ಸವದ ನೆಪದಲ್ಲಿ ಸುಮಾರು 50 ಎಕರೆ ಹಡಿಲು ಗದ್ದೆಯಲ್ಲಿ ನಾಟಿ ಮಾಡಿಸಿತು. ಮರುವರ್ಷ ಆಗಿನ ಶಾಸಕ ಕೆ. ರಘುಪತಿ ಭಟ್ ಅವರ ಮುಂದಾಳುತನದ ಕೇದಾರೋತ್ಥಾನ ಟ್ರಸ್ಟ್ ಅದನ್ನು ಕ್ಷೇತ್ರದುದ್ದಕ್ಕೂ ಹಬ್ಬಿಸಿತು. ಸುಮಾರು 1,500 ಎಕರೆಯಲ್ಲಿ ಬೇಸಾಯವಾಯಿತು. ಬಂದ ಅಕ್ಕಿಗೆ ‘ಉಡುಪಿ ಕೇದಾರ ಕಜೆ’ ಎಂದು ಹೆಸರಿಟ್ಟರು. ಕೆಸರಿಗಿಳಿದ ವಿದ್ಯಾರ್ಥಿಗಳ ಫೋಟೋಗಳು ಬೇಕಾದಷ್ಟು ಬಂದವು. ಆದರೆ ನಾಟಿಗಿಂತ ಹೆಚ್ಚಿನ ಕೆಲಸ ಮುಚ್ಚಿಹೋದ ತೋಡುಗಳನ್ನು ಬಿಡಿಸುವುದರಲ್ಲಿತ್ತು, ಅದು ಫೋಟೋಕ್ಕೆ ಅಷ್ಟು ಚೆಂದವಲ್ಲ. ಕಾರ್ಕಳದಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ‘ಕಾರ್ಲ ಕಜೆ’ ಎಂಬ ಹೆಸರಿನ ಕೆಂಪಕ್ಕಿ ಮಾರುಕಟ್ಟೆಗೆ ಬಂತು.

ತರಕಾರಿಗೆ ಇಷ್ಟೆಲ್ಲ ಬೇಡ, ಐದು ಸೆಂಟ್ಸ್ ಸಾಕು. ಏಣೆಲು ಕೊಯ್ದ ಗದ್ದೆಯಲ್ಲಿ ಸಾಲು ತೆಗೆದು ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿದರೆ ಅಲಸಂಡೆ, ಹರಿವೆ, ಸೌತೆ ಬರುತ್ತವೆ. ಕಾಪು ಬಳಿಯ ಮಟ್ಟುವಿನಲ್ಲಿ ಇದೇ ಕ್ರಮದಲ್ಲಿ ಭತ್ತದ ನಂತರ ಗುಳ್ಳ ಬೆಳೆಯುತ್ತಾರೆ. ವಾದಿರಾಜರು ಬೀಜ ಕೊಟ್ಟರೆಂಬ ನಂಬಿಕೆಯಿರುವ ಈ ಬದನೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಶಂಕರಪುರದ ಮಲ್ಲಿಗೆಯೂ ಚೂರುಪಾರು ಜಾಗದ ಬೆಳೆಯೇ. ಮಣಿಪಾಲದ ಮುರಕಲ್ಲು ಗುಡ್ಡದಲ್ಲಿ ಮಾತ್ರ ಲೆಕ್ಕ ಬೇರೆ: ಅಗೆದರೆ ಹಾರೆ ಠಣ್ಣೆನ್ನುತ್ತದೆ, ಮಣ್ಣು ತಂದು ಸುರಿಯದೆ ಬಸಳೆಯೂ ಚಿಗುರದು.

ಸರಕಾರಿ ಜಾಗದ ದಾರಿ ಬೇರೆ. ವರ್ಗ (ಪಟ್ಟಾ) ಜಮೀನಿನ ಸುತ್ತಲಿನ 100 ಗಜದೊಳಗಿನ ಸರಕಾರಿ ಜಾಗವೇ ಕುಮ್ಕಿ; ಅದರಲ್ಲಿ ವರ್ಗದಾರನಿಗೆ ಸೊಪ್ಪು, ಸೌದೆಯಂಥ ಸವಲತ್ತುಗಳಿವೆ, ಒಡೆತನವಿಲ್ಲ. ಅನುಮತಿಯಿಲ್ಲದೆ ಸರಕಾರಿ ಭೂಮಿಯಲ್ಲಿ ಕೃಷಿ ಮಾಡಿದವರು ಅಕ್ರಮ-ಸಕ್ರಮಕ್ಕೆಂದು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿದ್ದುಂಟು.

ಖಾಸಗಿ ಹಡಿಲಿನ ತೊಡಕು ಹಳೆಯದು. 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನು ತೆಗೆದುಹಾಕಿ, ತಾನು ಗೇಣಿದಾರನೆಂದು ಡಿಕ್ಲರೇಷನ್ ಕೊಟ್ಟ ಒಕ್ಕಲನ್ನು ಒಡೆಯನನ್ನಾಗಿ ಮಾಡಿತು. ಸಾವಿರಾರು ಮನೆಗಳಿಗೆ ಅದು ಅನ್ನದ ದಾರಿಯಾಯಿತು. ಗದ್ದೆಯುಳ್ಳವರಲ್ಲಿ ಉಳಿದದ್ದು ಭಯ. ಹಾಗಾಗಿ ಈಗಲೂ ಕಾಗದ ಬರೆಯುವುದಿಲ್ಲ, ಗೇಣಿ ಎಂಬ ಶಬ್ದ ಬಾಯಿಗೆ ಬರುವುದಿಲ್ಲ. ಆರ್‌ಟಿಸಿಯ 12ನೇ ಅಂಕಣದಲ್ಲಿ, ಸಾಗುವಳಿದಾರನ ಜಾಗದಲ್ಲಿ, ಬೇರೆ ಹೆಸರು ಕೂತಿದೆಯೇ ಎಂದು ನೋಡಿಕೊಳ್ಳುತ್ತಾರೆ. ಅಲಸಂಡೆ ಹಾಕಿಕೊಳ್ಳಿ ಎನ್ನುವ ಧನಿಗಳು ಒಂದು ತೆಂಗಿನ ಸಸಿ ಇಡಲು ಬಿಡುವುದಿಲ್ಲ.