ಏಳು ಗೆದ್ದರು, ಐದು ಉಳಿಯಿತು: ಸಿಯೆನಾದ ಮೆನ್ಸ್ ಸಾನಾ ಕಥೆ

1/10
ಇಟಲಿಯ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಗಳ ಪಟ್ಟಿ ಒಮ್ಮೆ ತೆಗೆದು ನೋಡಿ. 2007, 2008, 2009, 2010, 2011. ಐದೂ ವರ್ಷ ಒಂದೇ ಹೆಸರು: ಸಿಯೆನಾ. ಆಮೇಲೆ 2012 ಮತ್ತು 2013ರ ಮುಂದೆ ಯಾರ ಹೆಸರೂ ಇಲ್ಲ. ಆಗ ಯುದ್ಧ ಇರಲಿಲ್ಲ, ಕೊರೊನಾನೂ ಇರಲಿಲ್ಲ. ಲೀಗ್ ನಡೆದಿತ್ತು, ಫೈನಲ್ ನಡೆದಿತ್ತು, ಕಪ್ ಎತ್ತಿ ಕುಣಿದಿದ್ದೂ ಆಗಿತ್ತು. ಎರಡೂ ಸಲ ಗೆದ್ದಿದ್ದು ಅದೇ ಸಿಯೆನಾ.

ಹಾಗಿದ್ರೆ ಹೆಸರು ಎಲ್ಲಿ ಹೋಯ್ತು?

ಈ ಸಲದ ಸರಣಿ ಅದರ ಬಗ್ಗೆ. ಯುರೋಪಿನ ದೊಡ್ಡ ದೊಡ್ಡ ಊರುಗಳ ತಂಡಗಳನ್ನು ನಡುಗಿಸಿದ ಒಂದು ಸಣ್ಣ ಊರಿನ ಕ್ಲಬ್, ಅದರ ಹಿಂದಿದ್ದ ಒಂದು ಹಳೇ ಬ್ಯಾಂಕು, ಮತ್ತು ಎರಡೂ ಒಟ್ಟಿಗೆ ಬಿದ್ದ ಕಥೆ. ಉದ್ದ ಇದೆ, ಆದ್ರೆ ಪೂರ್ತಿ ಓದಿ. ಬ್ಯಾಸ್ಕೆಟ್‌ಬಾಲ್ ಆಡೋರಿಗೆ ಮಾತ್ರ ಅಲ್ಲ, ಯಾವುದೇ ತಂಡವನ್ನು ಮನಸಾರೆ ಪ್ರೀತಿಸಿದ ಎಲ್ಲರಿಗೂ ಇದು ತಾಗುತ್ತೆ.

2/10
ಮೊದಲು ಊರು. ಸಿಯೆನಾ ಇರೋದು ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಫ್ಲಾರೆನ್ಸಿನ ದಕ್ಷಿಣಕ್ಕೆ. ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ತಾಲೂಕು ಕೇಂದ್ರ ಅಷ್ಟೇ.

ಈ ಊರು ಜಗತ್ತಿಗೆ ಗೊತ್ತಿರೋದು ಪಾಲಿಯೊ ಅನ್ನೋ ಕುದುರೆ ಓಟದಿಂದ. ಪ್ರತಿ ವರ್ಷ ಜುಲೈ 2 ಮತ್ತು ಆಗಸ್ಟ್ 16ಕ್ಕೆ ಊರ ನಡುವಿನ ಮೈದಾನದಲ್ಲಿ ಮೂರು ಸುತ್ತು ಓಟ. ಊರಲ್ಲಿ 17 ಕೇರಿಗಳಿವೆ. ಅವುಗಳನ್ನು ಕೊಂತ್ರಾದಾ ಅಂತಾರೆ. ಪ್ರತಿ ಕೇರಿಗೂ ಅದರದೇ ಬಾವುಟ, ಅದರದೇ ಗುರುತು, ಹೆಚ್ಚಿನವಕ್ಕೆ ತಲೆತಲಾಂತರದ ವೈರಿ ಕೇರಿ ಕೂಡ. ಹುಟ್ಟಿದ ಮಗು ಯಾವ ಕೇರಿಯದು ಅನ್ನೋದು ಅಲ್ಲಿ ಸಣ್ಣ ವಿಷಯ ಅಲ್ಲ.

ವರ್ಷಕ್ಕೆರಡು ಸಲ ಹೀಗೆ 17 ಪಾಲಾಗೋ ಊರನ್ನು ಒಂದೇ ಬಣ್ಣದಲ್ಲಿ ಕೂರಿಸಿದ್ದು ಬ್ಯಾಸ್ಕೆಟ್‌ಬಾಲ್. ಬಣ್ಣ: ಹಸಿರು ಮತ್ತು ಬಿಳಿ. ಕ್ಲಬ್: ಮೆನ್ಸ್ ಸಾನಾ.

3/10
ಕ್ಲಬ್ ಶುರುವಾಗಿದ್ದು 1871ರಲ್ಲಿ. ಆಗ ಬ್ಯಾಸ್ಕೆಟ್‌ಬಾಲ್ ಅನ್ನೋ ಆಟವೇ ಹುಟ್ಟಿರಲಿಲ್ಲ! ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬುಟ್ಟಿ ನೇತುಹಾಕಿ ಈ ಆಟ ಕಟ್ಟಿದ್ದು 1891ರ ಡಿಸೆಂಬರ್‌ನಲ್ಲಿ. ಅಂದ್ರೆ ಕ್ಲಬ್ಬಿಗೆ ಆಟಕ್ಕಿಂತ 20 ವರ್ಷ ಜಾಸ್ತಿ ವಯಸ್ಸು.

ಶುರುವಿನಲ್ಲಿ ಅದು ವ್ಯಾಯಾಮ ಸಂಘ. ನಮ್ಮ ಗರಡಿಮನೆ ಇದ್ದ ಹಾಗೆ ಅಂದುಕೊಳ್ಳಿ. ಮೆನ್ಸ್ ಸಾನಾ ಅನ್ನೋ ಲ್ಯಾಟಿನ್ ಹೆಸರಿನ ಅರ್ಥ ಆರೋಗ್ಯವಂತ ಮನಸ್ಸು. ದೇಹ ಗಟ್ಟಿಯಾಗಿದ್ರೆ ಸಾಲದು, ಮನಸ್ಸೂ ನೆಟ್ಟಗಿರಬೇಕು ಅನ್ನೋದು ಸಂಘದ ಧ್ಯೇಯ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಲ್ಲಿ ವ್ಯಾಯಾಮ ಕಲಿಸ್ತಿದ್ದ ಟೀಚರ್ ಒಬ್ಬರಿದ್ದರು, ಇದಾ ನೋಮಿ ಪೆಶೊಲೀನಿ. ಅಮೆರಿಕದ ಈ ಹೊಸ ಆಟದ ನಿಯಮಗಳನ್ನು ಇಟಲಿಗೆ ಪರಿಚಯಿಸಿ, 'ಪಾಲಾ ಅಲ್ ಚೆರ್ಕ್ಯೊ' ಅಂತ ಹೆಸರಿಟ್ಟರು. ಅಂದ್ರೆ ಬಳೆಗೆ ಹಾಕೋ ಚೆಂಡು. 1907ರಲ್ಲಿ ವೆನಿಸ್‌ನ ವ್ಯಾಯಾಮ ಸ್ಪರ್ಧೆಯಲ್ಲಿ ಅವರ ವಿದ್ಯಾರ್ಥಿನಿಯರು ಈ ಆಟ ಆಡಿ ತೋರಿಸಿದರು. ಇಟಲಿಯಲ್ಲಿ ಬ್ಯಾಸ್ಕೆಟ್‌ಬಾಲ್ ಕಥೆ ಶುರುವಾಗೋದೇ ಇಲ್ಲಿಂದ. ಹೌದು, ಮೊದಲು ಆಡಿ ತೋರಿಸಿದ್ದು ಹುಡುಗಿಯರು, ಅದೂ ಸಿಯೆನಾದ ಹುಡುಗಿಯರು. ಆ ದೇಶದ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಹುಟ್ಟಿದ್ದೇ 1921ರಲ್ಲಿ.

4/10
ಆಟವನ್ನು ಮೊದಲು ತಂದ ಊರು ಅಂತ ಕಪ್ ಬೇಗ ಬರಲಿಲ್ಲ. ಮೆನ್ಸ್ ಸಾನಾ ಮೊದಲ ದರ್ಜೆಯ ಲೀಗಿಗೆ ಏರಿದ್ದು 1973ರಲ್ಲಿ. ಇಟಲಿಯಲ್ಲಿ ಒಂದು ಪದ್ಧತಿ ಇದೆ: ತಂಡದ ಹೆಸರಿಗೆ ಸ್ಪಾನ್ಸರ್ ಹೆಸರು ಸೇರಿಸಿ ಕರೀತಾರೆ. ಸಿಯೆನಾದ ಸಿಹಿತಿಂಡಿ ಕಂಪನಿ ದುಡ್ಡು ಕೊಟ್ಟಾಗ ತಂಡ 'ಸಪೋರಿ' ಆಯ್ತು. ಅದೇ ಊರಿನ ಲಸಿಕೆ ಕಂಪನಿ ಕೊಟ್ಟಾಗ 'ಸ್ಕ್ಲಾವೊ' ಆಯ್ತು. ಹೀಗೆ ಬಹಳ ವರ್ಷ ಮೇಲೆ ಕೆಳಗೆ ಓಡಾಡಿಕೊಂಡೇ ಇತ್ತು ಕ್ಲಬ್.

2000ದ ಸುಮಾರಿಗೆ ಎದೆ ಮೇಲೆ ಬಂತು ಹೊಸ ಹೆಸರು: ಮೊಂತೆಪಾಸ್ಕಿ.

ಮೊಂತೆ ದೇಯ್ ಪಾಸ್ಕಿ ದಿ ಸಿಯೆನಾ. 1472ರಲ್ಲಿ ಶುರುವಾದ ಬ್ಯಾಂಕು. ಇವತ್ತಿಗೂ ನಡೀತಿರೋ ಬ್ಯಾಂಕುಗಳಲ್ಲಿ ಜಗತ್ತಿನಲ್ಲೇ ಅತ್ಯಂತ ಹಳೆಯದು. ಕೊಲಂಬಸ್ ಹಡಗು ಹತ್ತೋಕೆ 20 ವರ್ಷ ಮೊದಲೇ ಈ ಬ್ಯಾಂಕು ಸಾಲ ಕೊಡ್ತಿತ್ತು! ಊರಿನ ಜನಕ್ಕೆ ಅದು ಬರೀ ಬ್ಯಾಂಕಲ್ಲ. ವಿಶ್ವವಿದ್ಯಾಲಯಕ್ಕೆ, ಕಟ್ಟಡಗಳ ರಿಪೇರಿಗೆ, ಪಾಲಿಯೊಗೆ, ಎಲ್ಲಕ್ಕೂ ದುಡ್ಡು ಬರ್ತಿದ್ದಿದ್ದು ಬ್ಯಾಂಕು ಮತ್ತು ಅದರ ಪ್ರತಿಷ್ಠಾನದಿಂದ. ಬ್ಯಾಂಕು ಚೆನ್ನಾಗಿದ್ರೆ ಊರು ಚೆನ್ನಾಗಿತ್ತು.

5/10
ಬ್ಯಾಂಕಿನ ಬಲ ಸಿಕ್ಕ ಮೇಲೆ ಕ್ಲಬ್ ಓಡಿದ್ದೇ ಓಡಿದ್ದು.

2002ರಲ್ಲಿ ಯುರೋಪಿನ ಸಪೋರ್ತಾ ಕಪ್ ಸಿಯೆನಾಕ್ಕೆ. ಆಗ ಕೋಚ್ ಆಗಿದ್ದವರು ಟರ್ಕಿಯ ಎರ್ಗಿನ್ ಅತಾಮನ್. ಮುಂದೆ ಎಫೆಸ್ ಮತ್ತು ಪನಥಿನಾಯ್ಕೋಸ್ ತಂಡಗಳಿಗೆ ಯುರೋಲೀಗ್ ಗೆದ್ದುಕೊಟ್ಟ ಅದೇ ಅತಾಮನ್. ಮರು ವರ್ಷ, 2003ರಲ್ಲಿ, ಯುರೋಲೀಗಿನ ಕೊನೆಯ ನಾಲ್ಕರಲ್ಲಿ ಸಿಯೆನಾ.

2004ರಲ್ಲಿ ಮತ್ತೆ ಕೊನೆಯ ನಾಲ್ಕು. ಈ ಸಲ ಟೆಲ್ ಅವೀವ್‌ನಲ್ಲಿ. ಎದುರಿಗೆ ಇಟಲಿಯದೇ ತಂಡ, ಬೊಲೋನ್ಯದ ಫೋರ್ತಿತೂದೊ. ಹೆಚ್ಚುವರಿ ಸಮಯಕ್ಕೆ ಹೋದ ಆ ಸೆಮಿಫೈನಲ್ ಮುಗಿದಾಗ ಸ್ಕೋರ್ 103-102. ಒಂದೇ ಒಂದು ಪಾಯಿಂಟಿಗೆ ಸಿಯೆನಾ ಔಟ್.

ಕೆಲವೇ ವಾರ ಕಳೆದು ಇಟಲಿ ಲೀಗ್ ಫೈನಲ್. ಎದುರಿಗೆ ಮತ್ತದೇ ಫೋರ್ತಿತೂದೊ. ಸಿಯೆನಾ 3-0 ಗೆಲುವು! ಕಾರ್ಲೊ ರೆಕಲ್ಕಾತಿ ಕೋಚ್ ಆಗಿದ್ದ ಆ ತಂಡ ಕ್ಲಬ್ಬಿಗೆ ಮೊದಲ 'ಸ್ಕುದೆತ್ತೊ' ತಂದುಕೊಟ್ಟಿತು. ಸ್ಕುದೆತ್ತೊ ಅಂದ್ರೆ ಸಣ್ಣ ಗುರಾಣಿ. ಚಾಂಪಿಯನ್ ತಂಡ ಮುಂದಿನ ವರ್ಷ ಇಟಲಿಯ ಮೂರು ಬಣ್ಣದ ಆ ಗುರುತನ್ನು ಜೆರ್ಸಿ ಮೇಲೆ ಹೊಲಿಸಿಕೊಂಡು ಆಡುತ್ತೆ. ಗೆದ್ದಿದ್ದಕ್ಕೆ ಮೈಮೇಲೇ ಪುರಾವೆ.

6/10
2006ರಲ್ಲಿ ಕೋಚ್ ಸ್ಥಾನಕ್ಕೆ ಬಂದವರು ಸಿಮೋನೆ ಪಿಯನಿಜಾನಿ. ಸಿಯೆನಾದಲ್ಲೇ ಹುಟ್ಟಿದ ಹುಡುಗ, ಇದೇ ಕ್ಲಬ್ಬಿನ ಸಣ್ಣ ಮಕ್ಕಳ ತಂಡಗಳಿಗೆ ಕಲಿಸಿ ಮೇಲೆ ಬಂದವರು. ಕೋರ್ಟಿನಲ್ಲಿ ಆಟ ನಡೆಸ್ತಿದ್ದವನು ಟೆರೆಲ್ ಮ್ಯಾಕಿಂಟೈರ್, ಎತ್ತರ ಬರೀ ಐದು ಅಡಿ ಒಂಬತ್ತು ಇಂಚು. ಜೊತೆಗೆ ಕ್ಯಾಪ್ಟನ್ ಶಾನ್ ಸ್ಟೋನರುಕ್, ಲಿಥುವೇನಿಯಾದ ರಿಮಂತಾಸ್ ಕೌಕೇನಾಸ್, ಮಧ್ಯ ಆಫ್ರಿಕಾ ಗಣರಾಜ್ಯದ ರೊಮೇನ್ ಸಾತೊ.

ಆಮೇಲೆ ನಡೆದಿದ್ದು ಹೀಗೆ: 2007ರಲ್ಲಿ ವಿರ್ತುಸ್ ಬೊಲೋನ್ಯ ವಿರುದ್ಧ 3-0. 2008ರಲ್ಲಿ ರೋಮ್ ವಿರುದ್ಧ 4-1. 2009 ಮತ್ತು 2010ರಲ್ಲಿ ಮಿಲಾನ್ ವಿರುದ್ಧ 4-0, 4-0. 2011ರಲ್ಲಿ ಕಾಂತು ವಿರುದ್ಧ 4-1. 2012ರಲ್ಲಿ ಮತ್ತೆ ಮಿಲಾನ್, 4-1. 2013ರಲ್ಲಿ ಮತ್ತೆ ರೋಮ್, 4-1. ಏಳು ವರ್ಷ, ಏಳು ಸ್ಕುದೆತ್ತೊ. ಫೈನಲ್‌ಗಳಲ್ಲಿ ಸೋತಿದ್ದು ಒಟ್ಟು ನಾಲ್ಕೇ ಪಂದ್ಯ!

ಯುರೋಪ್ ಕಪ್ ಮಾತ್ರ ಕೈಗೆ ಸಿಗಲೇ ಇಲ್ಲ. 2008 ಮತ್ತು 2011ರಲ್ಲೂ ಕೊನೆಯ ನಾಲ್ಕಕ್ಕೆ ಹೋಗಿ ಸೆಮಿಫೈನಲ್‌ನಲ್ಲೇ ನಿಂತರು. ಆದರೆ 2011ರ ಕ್ವಾರ್ಟರ್ ಫೈನಲ್ ಬಗ್ಗೆ ಹೇಳಲೇಬೇಕು. ಗ್ರೀಸಿನ ಒಲಿಂಪಿಯಾಕೋಸ್ ವಿರುದ್ಧ ಮೊದಲ ಪಂದ್ಯದಲ್ಲಿ 89-41. 48 ಪಾಯಿಂಟ್ ಅಂತರದ ಸೋಲು! ಅಲ್ಲಿಗೆ ಮುಗೀತು ಅಂದುಕೊಂಡವರೇ ಎಲ್ಲ. ಸಿಯೆನಾ ಮುಂದಿನ ಮೂರೂ ಪಂದ್ಯ ಗೆದ್ದು ಸರಣಿ ತನ್ನದಾಗಿಸಿಕೊಂಡಿತು.

7/10
ಈಗ ಸ್ವಲ್ಪ ಹಿಂದಕ್ಕೆ ಹೋಗಿ ಬ್ಯಾಂಕಿನ ಕಡೆ ನೋಡೋಣ.

2007ರ ನವೆಂಬರ್‌ನಲ್ಲಿ ಮೊಂತೆಪಾಸ್ಕಿ ಬ್ಯಾಂಕು ಅಂತೊನ್‌ವೆನೆತಾ ಅನ್ನೋ ಇನ್ನೊಂದು ಬ್ಯಾಂಕನ್ನು ಕೊಳ್ಳೋಕೆ ಒಪ್ಪಿಕೊಂಡಿತು. ಬೆಲೆ 9 ಬಿಲಿಯನ್ ಯೂರೊ, ಅಂದ್ರೆ 900 ಕೋಟಿ ಯೂರೊ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಲ್ಲಿ ಹೇಳ್ತಾರಲ್ಲ, ಇದು ಹಾಸಿಗೆ ದಾಟಿದ ಕಾಲು. ಮರು ವರ್ಷವೇ ಜಗತ್ತಿನ ಹಣಕಾಸು ಕುಸಿಯಿತು. ಬ್ಯಾಂಕು ನಷ್ಟ ಮುಚ್ಚೋಕೆ ತಿರುಚು ಮುರುಚು ಒಪ್ಪಂದಗಳನ್ನು ಮಾಡಿಕೊಂಡಿತ್ತು. 2013ರ ಜನವರಿಯಲ್ಲಿ ಅದು ಬಯಲಾಗಿ ಇಟಲಿಯೇ ಬೆಚ್ಚಿಬಿತ್ತು. ಸರ್ಕಾರ ಸಾರ್ವಜನಿಕ ಹಣ ಹಾಕಿ ಬ್ಯಾಂಕನ್ನು ಎತ್ತಿ ನಿಲ್ಲಿಸಬೇಕಾಯ್ತು.

ಇಂಥ ಸ್ಥಿತಿಯಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ದುಡ್ಡು ಕೊಡೋರು ಯಾರು? ಸ್ಪಾನ್ಸರ್‌ಶಿಪ್ ನಿಲ್ಲುತ್ತೆ ಅಂತ ಗೊತ್ತಾಯ್ತು. ಅಷ್ಟರಲ್ಲಿ ಕ್ಲಬ್ಬಿನ ಲೆಕ್ಕಪತ್ರಗಳ ಮೇಲೂ ತನಿಖೆ ನಡೀತಿತ್ತು. ಒಂದೇ ಗಳಕ್ಕೆ ಕಟ್ಟಿದ ಚಪ್ಪರ. ಗಳ ಮುರಿದಾಗ ಪೂರ್ತಿ ಕೆಳಗೆ.

8/10
2013-14ರ ಸೀಸನ್. ದುಡ್ಡಿಲ್ಲ, ನಾಳೆ ಏನು ಅಂತ ಗೊತ್ತಿಲ್ಲ. ಹಿಂದಿನ ವರ್ಷ ಚಾಂಪಿಯನ್ ಮಾಡಿದ ಕೋಚ್ ಲೂಕಾ ಬಾಂಕಿ ಮಿಲಾನ್ ಸೇರಿದ್ದರು. ಸೀಸನ್ ಅರ್ಧಕ್ಕೇ ಡೇನಿಯಲ್ ಹ್ಯಾಕೆಟ್ ಕೂಡ ಮಿಲಾನ್‌ಗೆ ಹೋದ. ಆದರೂ ಕೋಚ್ ಮಾರ್ಕೊ ಕ್ರೆಸ್ಪಿ ಜೊತೆ ಉಳಿದ ಹುಡುಗರು ತಂಡವನ್ನು ಫೈನಲ್‌ಗೆ ಎಳೆದು ತಂದರು. ಎದುರಾಳಿ? ಅದೇ ಮಿಲಾನ್. ಫ್ಯಾಷನ್ ದೊರೆ ಜೋರ್ಜೊ ಅರ್ಮಾನಿ ಒಡೆತನದ, 18 ವರ್ಷದಿಂದ ಸ್ಕುದೆತ್ತೊ ಕಾಣದ ಮಿಲಾನ್.

ಏಳು ಪಂದ್ಯದ ಸರಣಿಯಲ್ಲಿ ಸಿಯೆನಾ 3-2 ಮುಂದೆ. ಆರನೇ ಪಂದ್ಯ ಸಿಯೆನಾದಲ್ಲೇ. ಗೆದ್ದರೆ ಎಂಟನೇ ಸಲ ಸತತ ಚಾಂಪಿಯನ್, ಅದೂ ಕ್ಲಬ್ ಮುಳುಗ್ತಿರೋ ಹೊತ್ತಲ್ಲಿ. ಸ್ಕೋರ್ 72-72. ಕೊನೆಯ ಕ್ಷಣದಲ್ಲಿ ಮಿಲಾನ್‌ನ ಕರ್ಟಿಸ್ ಜೆರೆಲ್ಸ್ ಎಸೆದ ಚೆಂಡು ಬಳೆಯೊಳಗೆ ಬಿತ್ತು. 74-72. ಏಳನೇ ಪಂದ್ಯ ಮಿಲಾನ್‌ನಲ್ಲಿ, ಅಲ್ಲೂ ಮಿಲಾನ್‌ಗೇ ಜಯ.

ಜುಲೈನಲ್ಲಿ ಕ್ಲಬ್ ನಡೆಸ್ತಿದ್ದ ಕಂಪನಿ ದಿವಾಳಿ. ಅದೇ ಬೇಸಿಗೆಯಲ್ಲಿ ಊರಿನ ಫುಟ್‌ಬಾಲ್ ಕ್ಲಬ್ಬೂ ದುಡ್ಡಿಲ್ಲದೆ ತನ್ನ ಲೀಗಿನಿಂದ ಹೊರಬಿತ್ತು. ಒಂದು ಊರು, ಒಂದೇ ಬೇಸಿಗೆ, ಎರಡು ಕ್ಲಬ್.

9/10
ಈಗ ಶುರುವಿನ ಪ್ರಶ್ನೆಗೆ ಬರೋಣ. 2016ರಲ್ಲಿ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ನಿನ ನ್ಯಾಯಮಂಡಳಿ ತೀರ್ಪು ಕೊಟ್ಟಿತು: 2012 ಮತ್ತು 2013ರ ಸ್ಕುದೆತ್ತೊ ವಾಪಸ್. ಆ ಎರಡು ವರ್ಷ ಗೆದ್ದ ಇಟಾಲಿಯನ್ ಕಪ್‌ಗಳೂ ವಾಪಸ್. ಸೋತ ತಂಡಗಳಿಗೂ ಕೊಡಲಿಲ್ಲ, ಜಾಗ ಖಾಲಿ ಬಿಟ್ಟರು.

ಯಾಕೆ? ಪ್ರತಿ ಸೀಸನ್‌ಗೆ ಮುಂಚೆ ಕ್ಲಬ್ಬುಗಳು ತಮ್ಮ ಲೆಕ್ಕ ತೋರಿಸಬೇಕು. ಸಾಲ ಎಷ್ಟು, ಸಂಬಳ ಕೊಡೋ ಶಕ್ತಿ ಇದೆಯಾ, ತೆರಿಗೆ ಕಟ್ಟಿದ್ದಾರಾ ಅಂತ ನೋಡಿಯೇ ಆಡೋಕೆ ಬಿಡೋದು. ಸಿಯೆನಾ ಆಡಳಿತ ತೋರಿಸಿದ್ದ ಲೆಕ್ಕ ನಿಜವಾದ್ದಲ್ಲ, ಪುಸ್ತಕದಲ್ಲಿ ಬರೆಯದ ಪಾವತಿಗಳಿದ್ದವು ಅನ್ನೋದು ಮಂಡಳಿಯ ತೀರ್ಮಾನ.

ಅಯ್ಯೋ, ಆಟಗಾರರು ಬೆವರು ಸುರಿಸಿ ಗೆದ್ದಿದ್ದಲ್ವಾ ಅಂತ ನಿಮಗೆ ಅನಿಸಬಹುದು. ಹೌದು, ಹಾಕಿದ ಒಂದೊಂದು ಬುಟ್ಟಿಯೂ ನಿಜ. ಆದ್ರೆ ಇನ್ನೊಂದು ಕಡೆಯಿಂದಲೂ ನೋಡಿ. ತನ್ನ ಕೈಲಿರೋ ದುಡ್ಡಲ್ಲಿ, ನೆಟ್ಟಗೆ ಲೆಕ್ಕ ಬರೆದು, ಅದಕ್ಕೆ ತಕ್ಕ ಆಟಗಾರರನ್ನೇ ಕರೆತಂದ ಇನ್ನೊಂದು ಸಣ್ಣ ಕ್ಲಬ್ ಇರುತ್ತಲ್ಲ? ಅದಕ್ಕೆ ಆದ ಅನ್ಯಾಯವೂ ಅಷ್ಟೇ ನಿಜ. ಆಟ ಶುರುವಾಗೋದು ಶಿಳ್ಳೆ ಊದಿದಾಗ ಅಲ್ಲ, ತಂಡ ಕಟ್ಟುವಾಗ. ಅಲ್ಲಿ ಮೋಸ ಆದ್ರೆ ಸ್ಕೋರ್‌ಬೋರ್ಡ್ ಮೇಲಿನ ಅಂಕಿ ಅದನ್ನು ತೊಳೆಯಲ್ಲ. ನನ್ನ ಪ್ರಕಾರ ತೀರ್ಪು ಸರಿ. ನೋವಿನ ತೀರ್ಪು, ಆದ್ರೂ ಸರಿ. ಏಳರ ದಾಖಲೆ ಅಳಿಸಿಹೋಗಿ ಐದು ಉಳಿಯಿತು. 1950ರಿಂದ 1954ರವರೆಗೆ ಮಿಲಾನ್ ಗೆದ್ದಿದ್ದೂ ಸತತ ಐದೇ.

10/10
ಕ್ಲಬ್ ಸತ್ತುಹೋಯ್ತಾ? ಇಲ್ಲ. ದಿವಾಳಿ ಆಗಿದ್ದು ಕಂಪನಿ. 1871ರ ಸಂಘ ಹಾಗೇ ಇತ್ತು. ಅದೇ 2014ರಲ್ಲಿ ಹೊಸ ತಂಡ ಕಟ್ಟಿ ಮೂರನೇ ದರ್ಜೆಯ ಲೀಗಿನಿಂದ ಮತ್ತೆ ಶುರು ಮಾಡಿದರು. ಮರು ವರ್ಷವೇ ಎರಡನೇ ದರ್ಜೆಗೆ ಏರಿದರು. 2019ರಲ್ಲಿ ಮತ್ತೆ ದುಡ್ಡಿನ ತೊಂದರೆ, ಸೀಸನ್ ನಡುವೆಯೇ ಲೀಗಿನಿಂದ ಹೊರಗೆ. ಮತ್ತೆ ಪ್ರಾದೇಶಿಕ ಲೀಗುಗಳಿಂದ ಶುರು. ಒಂದು ಕಾಲಕ್ಕೆ ಯುರೋಪಿನ ಕೊನೆಯ ನಾಲ್ಕರಲ್ಲಿ ಆಡಿದ ಕ್ಲಬ್ ಅಕ್ಕಪಕ್ಕದ ಊರುಗಳ ಹವ್ಯಾಸಿ ತಂಡಗಳ ಜೊತೆ ಆಡಿತು.

ಪಾಲಿಯೊ ಓಟದಲ್ಲಿ ಒಂದು ನಿಯಮ ಇದೆ. ಸವಾರ ನಡುವೆ ಬಿದ್ದುಹೋದರೂ ಕುದುರೆ ಓಡಿ ಮೊದಲು ಗುರಿ ಮುಟ್ಟಿದರೆ ಆ ಕೇರಿಯೇ ಗೆದ್ದ ಹಾಗೆ. ಓಟ ಕುದುರೆಯದು, ಸವಾರನದಲ್ಲ. ಮೆನ್ಸ್ ಸಾನಾದ ಮೇಲೆ ಕೂತ ಸವಾರರು ಬಿದ್ದರು. ಬೀಳಬೇಕಾದವರೇ ಬಿದ್ದರು ಅನ್ನಿ. ಕುದುರೆ ಇನ್ನೂ ಓಡ್ತಾ ಇದೆ. ಯಾಕಂದ್ರೆ ಅದು ಬ್ಯಾಂಕಿನದಾಗಿರಲಿಲ್ಲ, ಅಧ್ಯಕ್ಷರದೂ ಆಗಿರಲಿಲ್ಲ. 1907ರಲ್ಲಿ ಬಳೆಗೆ ಚೆಂಡು ಎಸೆದ ಹುಡುಗಿಯರಿಂದ ಹಿಡಿದು ಇವತ್ತು ಪ್ರಾಕ್ಟೀಸಿಗೆ ಬರೋ ಮಕ್ಕಳವರೆಗೆ, ಅದು ಊರಿನದು.

ನೀವೇನಂತೀರಾ? ಆ ಎರಡು ಸ್ಕುದೆತ್ತೊ ವಾಪಸ್ ತಗೊಂಡಿದ್ದು ಸರಿನಾ, ತಪ್ಪಾ? ಕಾಮೆಂಟಲ್ಲಿ ಬರೀರಿ, ಜಗಳ ಆಡೋಣ. ತಂಡದ ಗೆಳೆಯರಿಗೂ ಕಳಿಸಿ. 🏀

#ಮೆನ್ಸ್‌ಸಾನಾ #ಸಿಯೆನಾ #ಬ್ಯಾಸ್ಕೆಟ್‌ಬಾಲ್ #ಆಟದಇತಿಹಾಸ #ಕನ್ನಡದಲ್ಲಿಕ್ರೀಡೆ